ಗಾಳಿಯ ಅಂಕಿ ಓದುವುದು, ಓದಿ ಕೆಲಸಕ್ಕೆ ಇಳಿಯುವುದು

ಎಲ್ಲರಿಗೂ ನಮಸ್ಕಾರ.

ಐದು ವರ್ಷ ಬಿಡದೆ ಗಾಳಿಯ ಮಾನದಂಡ ಮೀರಿದ ಊರುಗಳ ಪಟ್ಟಿಯೊಂದು ಕೇಂದ್ರ ಸರ್ಕಾರದಲ್ಲಿದೆ. ನಮ್ಮ ರಾಜ್ಯದ ನಾಲ್ಕು ಊರುಗಳು ಅದರಲ್ಲಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ, ಅಂದರೆ ಎನ್‌ಕ್ಯಾಪ್, ಇಂಥ ಊರುಗಳ ಗಾಳಿಯಲ್ಲಿರುವ ಕಣಗಳನ್ನು ಮೊದಲು ಶೇ 20ರಿಂದ 30ರಷ್ಟು, ಆಮೇಲೆ 2025–26ರ ಹೊತ್ತಿಗೆ ಶೇ 40ರಷ್ಟು ಇಳಿಸಬೇಕೆಂದು ಗುರಿ ಹಾಕಿತು. ಇವತ್ತು ಹೆಚ್ಚಾಗಿ ದಾವಣಗೆರೆಯನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಬೆಂಗಳೂರಿನಲ್ಲಿ ಎಲ್ಲರ ಧೂಳೂ ಎಲ್ಲರ ಹೊಗೆಯೂ ಕಲೆತುಹೋಗಿರುತ್ತವೆ. ದಾವಣಗೆರೆಯ ಅಳತೆಯ ಊರಿನಲ್ಲಿ ಯಾವುದು ಎಲ್ಲಿಂದ ಎದ್ದಿತು ಎಂಬುದನ್ನು ಇನ್ನೂ ಬೆರಳಿಟ್ಟು ತೋರಿಸಬಹುದು.

ಮೊದಲು ಯಾರ ಕೆಲಸ ಯಾವುದು ಎಂದು ಬಿಡಿಸಿಕೊಳ್ಳಬೇಕು. ಗಾಳಿ ಅಳೆಯುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ರಸ್ತೆ, ಚರಂಡಿ, ಕಸ, ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿ ಇವೆಲ್ಲ ಮಹಾನಗರ ಪಾಲಿಕೆಯವು. ವಾಹನದ ಹೊಗೆ ಆರ್‌ಟಿಒ ಕಡೆಗೆ ಹೋಗುತ್ತದೆ. ಅಂಕಿ ಇರುವುದು ಒಂದು ಕಚೇರಿಯಲ್ಲಿ, ಪೊರಕೆ ಇರುವುದು ಇನ್ನೊಂದರಲ್ಲಿ. ಮಂಡಳಿಯ ಅಂಕಿ ತಿಂಗಳ ಕೊನೆಗೆ ಸರಾಸರಿಯಾಗಿ ಪಾಲಿಕೆಗೆ ಬಂದರೆ ಅದರಿಂದ ಯಾವ ಕಿರಿಯ ಎಂಜಿನಿಯರೂ, ಯಾವ ಆರೋಗ್ಯ ನಿರೀಕ್ಷಕರೂ ಏನೂ ಮಾಡಲಾರರು. ಅದೇ ಅಂಕಿಯನ್ನು ಗಂಟೆವಾರು ಇಟ್ಟುಕೊಂಡು ನೋಡಿದರೆ, ಯಾವ ಇಲಾಖೆಗೆ ಫೋನ್ ಮಾಡಬೇಕು ಎಂಬುದು ಅದರೊಳಗೇ ಬರೆದಿರುತ್ತದೆ. ನಾವು ಇಲ್ಲಿ ಹೇಳಲು ಬಂದಿರುವುದು ಇದನ್ನೇ.

ಅಳತೆಯ ವಿಷಯ. ಎರಡು ಬಗೆಯ ಯಂತ್ರಗಳಿವೆ. ಹಳೆಯದು ಕೈಯಿಂದ ನಡೆಸುವಂಥದ್ದು. ಕಟ್ಟಡದ ಮಾಳಿಗೆಯ ಮೇಲೆ, ಓರೆ ಚಾವಣಿಯ ತಗಡಿನ ಪೆಟ್ಟಿಗೆಯಂತೆ ನಿಂತಿರುತ್ತದೆ. ಒಳಗಿನ ಬ್ಲೋವರ್ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿ ಎಳೆಯುತ್ತದೆ. ದಪ್ಪ ಧೂಳು ಸೈಕ್ಲೋನ್ ಎಂಬ ಆಲಿಕೆಯಂಥ ಭಾಗದಲ್ಲಿ ಸುತ್ತಿ ಕೆಳಗಿನ ಬಟ್ಟಲಿಗೆ ಬೀಳುತ್ತದೆ. 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣಗಳು, ಅಂದರೆ ಪಿಎಂ 10, ಎಂಟು ಇಂಚು ಅಗಲ ಹತ್ತು ಇಂಚು ಉದ್ದದ ಗಾಜಿನ ನಾರಿನ ಫಿಲ್ಟರ್ ಹಾಳೆಯ ಮೇಲೆ ಕೂರುತ್ತವೆ. ಎಂಟೆಂಟು ಗಂಟೆಗೆ ಒಂದರಂತೆ ದಿನಕ್ಕೆ ಮೂರು ಹಾಳೆ. ಹಾಕುವ ಮುಂಚೆ ಒಂದು ತೂಕ, ತೆಗೆದ ಮೇಲೆ ಒಂದು ತೂಕ, ನಡುವಿನ ವ್ಯತ್ಯಾಸವೇ ಧೂಳು.

ಲೆಕ್ಕ ಮಾಡಿ ನೋಡಿ. ಎಂಟು ಗಂಟೆಯಲ್ಲಿ ಯಂತ್ರ ಎಳೆಯುವ ಗಾಳಿ 528 ಘನ ಮೀಟರ್. ಹಾಳೆಯ ತೂಕ 50 ಮಿಲಿಗ್ರಾಂ ಏರಿದ್ದರೆ ಘನ ಮೀಟರಿಗೆ 95 ಮೈಕ್ರೋಗ್ರಾಂ ಆಯಿತು. ದಿನದ ಮಾನದಂಡ 100. ಹಾಗಾದರೆ ಊರು ಪಾಸೋ ಫೇಲೋ ಎಂಬುದು ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ ತೂಕದ ಮೇಲೆ ನಿಂತಿದೆ. ಮಳೆಗಾಲದಲ್ಲಿ ಹಾಳೆಯನ್ನು ಒಣ ಕೋಣೆಯಲ್ಲಿ 24 ಗಂಟೆ ಇಡದೆ ತೂಗಿದರೆ ತೇವವೇ ಕೆಲವು ಮಿಲಿಗ್ರಾಂ ಸೇರಿಸಿಬಿಡುತ್ತದೆ. 5 ಮಿಲಿಗ್ರಾಂ ತಪ್ಪಾದರೆ ಶೇ 10ರಷ್ಟು ತಪ್ಪು. ಬರಿಗೈಯಲ್ಲಿ ಮುಟ್ಟಿದರೆ ಬೆವರು ಅಂಟುತ್ತದೆ, ಚಿಮಟಾದಿಂದ ಜೋರಾಗಿ ಎಳೆದರೆ ಅಂಚಿನ ನಾರು ಕಿತ್ತು ಬಂದು ತೂಕ ಇಳಿಯುತ್ತದೆ. ಹಾಳೆ ಮಡಿಸುವಾಗ ಧೂಳು ಒಳಮುಖವಾಗಿರಬೇಕು. ಇದನ್ನು ಕಲಿಸದೆ ಹೊಸಬರನ್ನು ಮಾಳಿಗೆಗೆ ಹತ್ತಿಸಬಾರದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಾಳೆಯ ಮೇಲೆ ಧೂಳು ಕೂತಂತೆಲ್ಲ ಯಂತ್ರಕ್ಕೆ ಉಸಿರು ಕಟ್ಟಿ ಗಾಳಿಯ ಹರಿವು ಇಳಿಯುತ್ತದೆ. ಮೋಟಾರಿನ ಕಾರ್ಬನ್ ಬ್ರಷ್ ಸವೆದರೂ, ವೋಲ್ಟೇಜ್ ಬಿದ್ದರೂ ಹಾಗೆಯೇ. ನಿಜದಲ್ಲಿ 0.9 ಎಳೆಯುತ್ತಿರುವ ಯಂತ್ರಕ್ಕೆ ಪುಸ್ತಕದಲ್ಲಿ 1.1 ಎಂದು ಬರೆದು ಭಾಗಿಸಿದರೆ ಊರಿನ ಗಾಳಿ ಕಾಗದದ ಮೇಲೆ ಶೇ 18ರಷ್ಟು ಶುದ್ಧವಾಗುತ್ತದೆ. ಅದಕ್ಕೇ ಹರಿವು ತೋರಿಸುವ ಮಾನೋಮೀಟರನ್ನು ಶುರುವಿನಲ್ಲೂ ಕೊನೆಯಲ್ಲೂ ನೋಡಿ, ಎರಡರ ಸರಾಸರಿ ಹಾಕಬೇಕು. ಕರೆಂಟ್ ಹೋದ ನಿಮಿಷಗಳನ್ನು ಟೈಮರ್ ನೋಡಿ ಕಳೆಯಬೇಕು.

ಈ ಯಂತ್ರ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಓಡಬೇಕು ಎಂಬುದು ನಿಯಮ. ಉಳಿದ 261 ದಿನ ಏನಾಯಿತೆಂದು ಅದಕ್ಕೆ ಗೊತ್ತಿಲ್ಲ. ವರ್ಷದ ಸರಾಸರಿಗೆ ಇದು ಸಾಕು. ನಿನ್ನೆ ರಾತ್ರಿ ಯಾರು ಏನು ಸುಟ್ಟರು ಎಂಬುದಕ್ಕೆ ಸಾಲದು.

ಎರಡನೆಯದು ನಿರಂತರ ಮಾಪನ ಕೇಂದ್ರ. ದಾವಣಗೆರೆಯಲ್ಲಿ ದೇವರಾಜ ಅರಸು ಬಡಾವಣೆಯಲ್ಲಿದೆ, ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರದಲ್ಲಿ, ಕಲಬುರಗಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ನಗರದಲ್ಲಿ. ಎಸಿ ಹಾಕಿದ ಒಂದು ಕ್ಯಾಬಿನ್, ಮೇಲೆ ಅಣಬೆಯಾಕಾರದ ಟೋಪಿ ಹೊತ್ತ ಕೊಳವೆಗಳು. ಕಣ ಅಳೆಯುವ ಯಂತ್ರದೊಳಗೆ ಗಾಜಿನ ನಾರಿನ ಟೇಪಿನ ಸುರುಳಿ ಇರುತ್ತದೆ. ಧೂಳು ಟೇಪಿನ ಮೇಲೆ ಚುಕ್ಕೆಯಾಗಿ ಕೂರುತ್ತದೆ, ಒಂದು ಕಡೆಯಿಂದ ಬೀಟಾ ಕಿರಣ ಹಾಯುತ್ತದೆ, ಧೂಳು ತಡೆದಷ್ಟೂ ಆಚೆ ಕಡೆ ಎಣಿಕೆ ಕಡಿಮೆಯಾಗುತ್ತದೆ. ಗಂಟೆಗೊಂದು ಅಂಕಿ ಸಿಗುತ್ತದೆ. ಪಕ್ಕದಲ್ಲೇ ಸಾರಜನಕದ ಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್ ಅಳೆಯುವ ಪೆಟ್ಟಿಗೆಗಳು.

ಇದೂ ತಪ್ಪುತ್ತದೆ, ಆದರೆ ಇದರ ತಪ್ಪನ್ನು ಮನೆಯಲ್ಲಿ ಕೂತು ಹಿಡಿಯಬಹುದು. ಆರೇಳು ಗಂಟೆ ಒಂದೇ ಅಂಕಿ ಬರುತ್ತಿದ್ದರೆ ಯಂತ್ರ ಸಿಕ್ಕಿಕೊಂಡಿದೆ. ಪಿಎಂ 2.5ರ, ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳ, ಅಂಕಿ ಪಿಎಂ 10ಕ್ಕಿಂತ ಮೇಲಿದ್ದರೆ ಎರಡರಲ್ಲೊಂದು ಕೆಟ್ಟಿದೆ. ಭಾಗವು ಇಡಿಗಿಂತ ದೊಡ್ಡದಾಗಲು ಸಾಧ್ಯವಿಲ್ಲವಲ್ಲ. ನಸುಕಿನಲ್ಲಿ ಮಂಜು ಕವಿದ ಹೊತ್ತಿಗೆ ಮಾತ್ರ ಅಂಕಿ ಹಾರಿದರೆ ಕೊಳವೆಯ ಹೀಟರ್ ಕೈಕೊಟ್ಟಿರಬಹುದು, ಯಂತ್ರ ನೀರಿನ ಹನಿಯನ್ನೂ ಧೂಳೆಂದು ಎಣಿಸುತ್ತಿದೆ. ಇನ್ನು ಕೇಂದ್ರ ಇರುವ ಜಾಗ. ಟೋಪಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ಮರದಿಂದ 20 ಮೀಟರ್ ದೂರವಿರಬೇಕು, ನಾಲ್ಕು ದಿಕ್ಕಿನಲ್ಲಿ ಮೂರು ದಿಕ್ಕಾದರೂ ಗಾಳಿಗೆ ತೆರೆದಿರಬೇಕು. ಕೇಂದ್ರ ಬಂದಾಗ ಸೊಂಟದೆತ್ತರ ಇದ್ದ ಹೊಂಗೆ ಸಸಿ ಐದು ವರ್ಷದಲ್ಲಿ ಟೋಪಿಗೆ ಕೊಡೆ ಹಿಡಿದಿರುತ್ತದೆ. ವರ್ಷಕ್ಕೊಮ್ಮೆ ಸುತ್ತ ನಡೆದು ನೋಡುವವರು ಬೇಕು.

ಮೊಬೈಲ್‌ನಲ್ಲಿ ಒಂದೊಂದು ಆ್ಯಪ್ ಒಂದೊಂದು ಅಂಕಿ ತೋರಿಸುವುದೇಕೆ ಎಂಬ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಕಣಗಳಿಗೆ ಹಿಂದಿನ 24 ಗಂಟೆಯ ಸರಾಸರಿ ತೆಗೆದುಕೊಂಡು ನಮ್ಮ ದೇಶದ ಗಾಳಿ ಗುಣಮಟ್ಟದ ಸೂಚ್ಯಂಕಕ್ಕೆ ಹಾಕುತ್ತದೆ, ಮಟ್ಟಕ್ಕೊಂದು ಬಣ್ಣ ತೋರಿಸುತ್ತದೆ. ಖಾಸಗಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಸೂಚ್ಯಂಕ ಬಳಸುತ್ತವೆ, ಈ ಗಂಟೆಯ ಅಂಕಿಗೆ ಹೆಚ್ಚು ತೂಕ ಕೊಡುತ್ತವೆ. ಪಿಎಂ 2.5 ಘನ ಮೀಟರಿಗೆ 55 ಮೈಕ್ರೋಗ್ರಾಂ ಇದೆ ಎನ್ನಿ. ನಮ್ಮ ಸೂಚ್ಯಂಕದಲ್ಲಿ ಅದು 92, ‘ತೃಪ್ತಿಕರ’. ಅಮೆರಿಕದ್ದರಲ್ಲಿ 149, ಮಕ್ಕಳು, ವಯಸ್ಸಾದವರು, ಆಸ್ತಮಾ ಇರುವವರು ಹುಷಾರಾಗಿರಬೇಕಾದ ಮಟ್ಟ. ಗಾಳಿ ಒಂದೇ, ಅಳತೆಪಟ್ಟಿ ಬೇರೆ. ನಮ್ಮ ಪಟ್ಟಿ ಸಡಿಲ ಎಂಬುದನ್ನು ಮುಚ್ಚಿಡಬಾರದು: ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಾನದಂಡ 40, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಸಂಜೆ ಏಳಕ್ಕೆ ಎದ್ದ ಹೊಗೆ ಸಮೀರ್‌ನ ಬಣ್ಣ ಬದಲಿಸುವ ಹೊತ್ತಿಗೆ ಮಕ್ಕಳು ಅದನ್ನು ಉಸಿರಾಡಿ ಮಲಗಿರುತ್ತಾರೆ. ಆದ್ದರಿಂದ ಬಣ್ಣ ಬಿಡಿ, ಕೇಂದ್ರ ಮಂಡಳಿಯ ಜಾಲತಾಣದಲ್ಲಿ ಗಂಟೆವಾರು ಅಂಕಿ ಇಳಿಸಿಕೊಳ್ಳಿ. ಹಣ ಕೊಡಬೇಕಿಲ್ಲ.

ಈಗ ಅಂಕಿ ಓದುವ ಬಗೆ. ಪಿಎಂ 2.5ನ್ನು ಪಿಎಂ 10ರಿಂದ ಭಾಗಿಸಿ. ರಸ್ತೆಯ ಮಣ್ಣು, ಸಿಮೆಂಟು, ಜಲ್ಲಿಪುಡಿ ದಪ್ಪ ಕಣಗಳು. ಏನನ್ನಾದರೂ ಸುಟ್ಟರೆ ಬರುವುದು ಸಣ್ಣ ಕಣ. ಪಿಎಂ 10ರ ಅಂಕಿ 140, ಪಿಎಂ 2.5ರ ಅಂಕಿ 45 ಇದ್ದರೆ ಅನುಪಾತ 0.32. ಅದು ಧೂಳು. ಅದೇ 140ರಲ್ಲಿ ಪಿಎಂ 2.5ರ ಅಂಕಿ 95 ಇದ್ದರೆ ಅನುಪಾತ 0.68. ಅದು ಹೊಗೆ. ಪಿಎಂ 10 ಮಾತ್ರ ಬರೆದಿಡುವ ಪುಸ್ತಕದಲ್ಲಿ ಈ ಎರಡು ದಿನಗಳೂ ಒಂದೇ. ಪುಪ್ಪುಸಕ್ಕೆ ಒಂದೇ ಅಲ್ಲ, ಸಣ್ಣ ಕಣ ಆಳಕ್ಕೆ ಇಳಿದು ರಕ್ತ ಸೇರುತ್ತದೆ. ಪಾಲಿಕೆಗೂ ಒಂದೇ ಅಲ್ಲ, ಮೊದಲ ದಿನಕ್ಕೆ ಎಂಜಿನಿಯರಿಂಗ್ ವಿಭಾಗ ಹೊರಡಬೇಕು, ಎರಡನೆಯದಕ್ಕೆ ಆರೋಗ್ಯ ವಿಭಾಗ.

ಆಮೇಲೆ ಹೊತ್ತು ನೋಡಿ. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಆರರಿಂದ ಒಂಬತ್ತು ಏರಿದರೆ, ಜೊತೆಗೆ ಸಾರಜನಕದ ಡೈಆಕ್ಸೈಡೂ ಏರಿದರೆ ವಾಹನ. ಮಧ್ಯಾಹ್ನ ಗಾಳಿ ಬೀಸುವಾಗ ಪಿಎಂ 10 ಒಂದೇ ಎದ್ದರೆ ಬಿಡಿ ಮಣ್ಣು. ನಡುರಾತ್ರಿ ಪಿಎಂ 2.5 ಮತ್ತು ಕಾರ್ಬನ್ ಮೊನಾಕ್ಸೈಡ್ ಜೋಡಿಯಾಗಿ ಜಿಗಿದರೆ ಎಲ್ಲೋ ಕಸ ಹತ್ತಿಕೊಂಡಿದೆ. ಅದರ ಜೊತೆ ಗಂಧಕದ ಡೈಆಕ್ಸೈಡೂ ಬಂದರೆ ಕಲ್ಲಿದ್ದಲು, ಫರ್ನೇಸ್ ಎಣ್ಣೆ, ಇಲ್ಲವೇ ಟೈರ್ ಎಂದು ಅನುಮಾನಿಸಿ. ಒಂದು ಎಚ್ಚರಿಕೆ: ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ, ಮೇಲಿನ ಬಿಸಿ ಗಾಳಿ ಮುಚ್ಚಳದಂತೆ ಕೂರುತ್ತದೆ. ಆಗ ಹೊಸ ಹೊಗೆ ಇಲ್ಲದಿದ್ದರೂ ಅಂಕಿ ನಿಧಾನಕ್ಕೆ ಏರುತ್ತದೆ. ನಿಧಾನದ ಏರಿಕೆ ಹವೆಯದು, ಜಿಗಿತ ಮನುಷ್ಯರದು. ಕೇಂದ್ರದಲ್ಲೇ ಗಾಳಿಯ ದಿಕ್ಕೂ ದಾಖಲಾಗುತ್ತದೆ. ಜಿಗಿತದ ಗಂಟೆಗೆ ಗಾಳಿ ಯಾವ ಕಡೆಯಿಂದ ಬರುತ್ತಿತ್ತೋ ನಕ್ಷೆಯಲ್ಲಿ ಆ ಕಡೆಗೆ ಗೆರೆ ಎಳೆಯಿರಿ.

ಒಂದು ಕೇಂದ್ರ ಇಡೀ ಊರನ್ನು ಹೇಳಲಾರದು, ಅದಕ್ಕೇ ಅಗ್ಗದ ಲೇಸರ್ ಸೆನ್ಸರ್ ಹಾಕೋಣ ಎನ್ನುತ್ತಾರೆ. ಹಾಕಬಹುದು. ಆದರೆ ಮೊದಲು ಎಲ್ಲವನ್ನೂ ಮಂಡಳಿಯ ಕೇಂದ್ರದ ಪಕ್ಕ ಎರಡು ಮೂರು ವಾರ ನಿಲ್ಲಿಸಿ ಹೋಲಿಸಬೇಕು, ಮಳೆಗಾಲಕ್ಕೊಮ್ಮೆ ಬೇಸಿಗೆಗೊಮ್ಮೆ ಬೇರೆ ಬೇರೆಯಾಗಿ. ತೇವ ಶೇ 80 ದಾಟಿದರೆ ಅವು ಹೆಚ್ಚು ತೋರಿಸುತ್ತವೆ, ದಪ್ಪ ಧೂಳನ್ನು ಸರಿಯಾಗಿ ಕಾಣುವುದೇ ಇಲ್ಲ. ಹೊಗೆ ಹುಡುಕಲು ಸರಿ, ರಸ್ತೆ ಧೂಳಿನ ತಕರಾರಿಗೆ ಸಾಕ್ಷಿಯಾಗಿ ಬೇಡ.

ರಸ್ತೆ ಧೂಳಿಗೆ ಬರೋಣ, ದುಡ್ಡು ಹೆಚ್ಚು ಹೋಗುವುದು ಇಲ್ಲಿಗೇ. ಎನ್‌ಕ್ಯಾಪ್ ಹಣದ ಶೇ 64ರಷ್ಟು ರಸ್ತೆ ಧೂಳಿನ ಕೆಲಸಕ್ಕೇ ಹೋಗಿದೆ, ಕೈಗಾರಿಕೆಯ ಹೊಗೆಗೆ ಶೇ 1 ಕೂಡ ಇಲ್ಲ ಎಂದು ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ಕೊಟ್ಟಿತು. ಊರಿನ ಸಾಧನೆಯನ್ನು ಪಿಎಂ 10ರಿಂದ ಅಳೆಯುತ್ತಿದ್ದುದರಿಂದ ದಪ್ಪ ಧೂಳು ಗುಡಿಸಿದರೆ ಅಂಕ ಬೇಗ ಸಿಗುತ್ತದೆ. ಗುಡಿಸುವುದು ತಪ್ಪಲ್ಲ. ಗುಡಿಸಿ ನಿಲ್ಲಿಸುವುದು ತಪ್ಪು.

ಗುಡಿಸುವುದನ್ನಾದರೂ ಸರಿಯಾಗಿ ಮಾಡುತ್ತಿದ್ದೇವೆಯೇ? ರಸ್ತೆಯ ನಡುವೆ ಧೂಳು ನಿಲ್ಲುವುದಿಲ್ಲ, ಚಕ್ರಗಳು ಅದನ್ನು ಅಂಚಿಗೆ ತಳ್ಳುತ್ತವೆ. ಡಿವೈಡರ್ ಪಕ್ಕದ ಒಂದೂವರೆ ಅಡಿ, ಫುಟ್‌ಪಾತ್ ಪಕ್ಕದ ಒಂದೂವರೆ ಅಡಿ, ಧೂಳಿನ ಗಣಿ ಅಲ್ಲಿದೆ. ಸ್ವೀಪರ್ ಯಂತ್ರ ಹಗಲಲ್ಲಿ ಬಂದರೆ ಆ ಜಾಗದಲ್ಲಿ ವಾಹನ ನಿಂತಿರುತ್ತವೆ, ಯಂತ್ರ ನಡುರಸ್ತೆಯನ್ನು ಉಜ್ಜಿ ಹೋಗುತ್ತದೆ. ಊರಿನ ನಡುವೆ ಹಾಯುವ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಂಥ ಕಡೆ ರಾತ್ರಿ ಹನ್ನೊಂದರ ಮೇಲೆಯೇ ಓಡಿಸಬೇಕು, ನಡಿಗೆಗಿಂತ ತುಸು ಜಾಸ್ತಿ ವೇಗದಲ್ಲಿ. ಬ್ರಷ್ ಬಳಿಯ ನೀರಿನ ನಾಜಲ್ ಕಟ್ಟಿಕೊಂಡಿದ್ದರೆ ಯಂತ್ರ ಸಣ್ಣ ಧೂಳನ್ನು ಹಿಂದಿನಿಂದ ಉಗುಳುತ್ತದೆ; ನೀರು ಜಾಸ್ತಿಯಾದರೆ ಕೆಸರು ಸವರುತ್ತದೆ. ಗುತ್ತಿಗೆದಾರನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಿಲ್ ಕೊಟ್ಟರೆ ಅವನು ವೇಗವಾಗಿ ಓಡಿಸುತ್ತಾನೆ. ಎತ್ತಿದ ಧೂಳನ್ನು ತೂಕ ಹಾಕಿ ಬಿಲ್‌ಗೆ ಸೇರಿಸಿ.

ಪರೀಕ್ಷೆ ಸುಲಭ. ರಸ್ತೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಒಂದು ಚದರ ಮೀಟರ್ ಗುರುತಿಸಿ, ಮೃದು ಬ್ರಷ್‌ನಿಂದ ಗುಡಿಸಿ, ಬಿಸಿಲಿಗೆ ಒಣಗಿಸಿ, 75 ಮೈಕ್ರಾನ್ ಜರಡಿಯಲ್ಲಿ ಆಡಿಸಿ. ಕೆಳಗೆ ಇಳಿದದ್ದನ್ನು ತೂಗಿ. ಗಾಳಿಗೆ ಏಳುವುದು ಆ ಪುಡಿ. ಸ್ವೀಪರ್ ಬರುವ ಮುಂಚೆ ಒಂದು ಕಡೆ, ಹೋದ ಮೇಲೆ ಪಕ್ಕದಲ್ಲಿ ಇನ್ನೊಂದು ಕಡೆ. ಮಣ್ಣು ಪರೀಕ್ಷಿಸುವ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಈ ಜರಡಿ ಇರುತ್ತದೆ.

ಇಷ್ಟಾಗಿಯೂ ಮರುದಿನ ಧೂಳು ಅಷ್ಟೇ ಬಂದು ಕೂತರೆ ಅದು ಎಲ್ಲಿಂದ ಬರುತ್ತಿದೆ ನೋಡಬೇಕು. ಮುಂಗಾರಿಗೆ ಮುಂಚೆ ಚರಂಡಿಯ ಹೂಳು ಎತ್ತುತ್ತಾರೆ. ಎತ್ತಿದ್ದನ್ನು ನೀರು ಇಳಿಯಲೆಂದು ಚರಂಡಿಯ ದಂಡೆಯ ಮೇಲೇ ಗುಡ್ಡೆ ಹಾಕುತ್ತಾರೆ. ಟ್ರ್ಯಾಕ್ಟರ್ ನಾಳೆ ಬರುತ್ತದೆ ಎಂದವರು ವಾರ ಬಿಡುತ್ತಾರೆ. ಏಪ್ರಿಲ್ ಬಿಸಿಲಿಗೆ ಆ ಕಪ್ಪು ಗುಡ್ಡೆ ಎರಡೇ ದಿನದಲ್ಲಿ ಬೂದಿಬಣ್ಣಕ್ಕೆ ತಿರುಗಿ ಹಪ್ಪಳದಂತೆ ಬಿರಿಯುತ್ತದೆ, ಲಾರಿ ಹತ್ತಿದರೆ ಹಿಟ್ಟಾಗುತ್ತದೆ. ಅದರಲ್ಲಿ ಮಣ್ಣು ಮಾತ್ರವಲ್ಲ, ಚರಂಡಿಯಲ್ಲಿ ಹರಿದದ್ದೆಲ್ಲ ಇದೆ. ಎತ್ತಿದ 24 ಗಂಟೆಯೊಳಗೆ, ತಾಡಪಾಲು ಮುಚ್ಚಿ ಸಾಗಿಸಬೇಕು ಎಂದು ಕೆಲಸದ ಆದೇಶದಲ್ಲೇ ಬರೆಯಬೇಕು. ಬರೆಯದಿದ್ದರೆ ಎತ್ತಿದ್ದಕ್ಕೆ ಬಿಲ್ ಆಗುತ್ತದೆ, ಹೂಳು ಅಲ್ಲೇ ಉಳಿಯುತ್ತದೆ.

ರಸ್ತೆ ಅಗೆತವೂ ಹಾಗೇ. ಒಳಚರಂಡಿಗೆ, ಕೇಬಲ್‌ಗೆ, ಗ್ಯಾಸ್ ಕೊಳವೆಗೆ ಅಗೆದು, ಮಣ್ಣು ತುಂಬಿ, ಡಾಂಬರು ಹಾಕದೆ ಹೋಗುತ್ತಾರೆ. ಪದರ ಪದರವಾಗಿ ದಮ್ಮಸು ಮಾಡಿ ಮೇಲ್ಪದರ ಮುಗಿಸಿದ ಫೋಟೋ ಇಲ್ಲದೆ ಅಗೆದವರ ಠೇವಣಿ ಬಿಡಬಾರದು. ಕಟ್ಟಡಗಳಿಗೆ 2018ರ ಜನವರಿಯ ಕೇಂದ್ರ ಅಧಿಸೂಚನೆ ಇದೆ: ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರ್, ಗಾಳಿ ತಡೆ, ಮರಳು ಮಣ್ಣಿಗೆ ಮುಚ್ಚಿಗೆ, ಕಲ್ಲು ಕತ್ತರಿಸುವಾಗ ನೀರು. ಗ್ರಾನೈಟ್ ಚಪ್ಪಡಿಯನ್ನು ರಸ್ತೆ ಬದಿಯಲ್ಲಿ ಒಣದಾಗಿ ಕತ್ತರಿಸುವುದನ್ನು ನೋಡಿದ್ದೀರಿ. ಆ ಬಿಳಿ ಮೋಡದಲ್ಲಿ ಪುಪ್ಪುಸ ಕೆಡಿಸುವ ಸಿಲಿಕಾ ಪುಡಿ ಇದೆ. ಕತ್ತರಿಸುವ ಹುಡುಗನ ಮುಖಕ್ಕೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಬ್ಲೇಡಿಗೆ ಸಣ್ಣ ಪೈಪಿನಲ್ಲಿ ನೀರು ಬಿಟ್ಟರೆ ಮೋಡ ಏಳುವುದಿಲ್ಲ, ಖರ್ಚೂ ಹೆಚ್ಚಿಲ್ಲ. ಇನ್ನು ಟ್ಯಾಂಕರ್‌ನಲ್ಲಿ ರಸ್ತೆಗೆ ನೀರು ಹಾಕುವುದು, ಫಿರಂಗಿಯಂಥ ಯಂತ್ರದಿಂದ ಮಂಜು ಹಾರಿಸುವುದು: ನಮ್ಮ ಬಿಸಿಲಿಗೆ ಆ ನೀರು ಬೇಗ ಆರಿಹೋಗುತ್ತದೆ. ಕಟ್ಟಡ ಕೆಡಹುವ ಜಾಗದಲ್ಲಿ ಉಪಯೋಗವುಂಟು, ತೆರೆದ ಸರ್ಕಲ್‌ನಲ್ಲಿ ಇಲ್ಲ.

ಹೊಗೆಯ ಕಡೆ. ಎಲೆ ಸುಡುವವರಿಗೆ ದಂಡ ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಬೆಳಗಿನ ಜಾವ ಗುಡಿಸಿದ ಎಲೆಯ ರಾಶಿಯನ್ನು ಪೌರಕಾರ್ಮಿಕರು ಸುಡುವುದು, ಆಟೋ ಟಿಪ್ಪರ್ ಎಲೆ ತುಂಬಿಕೊಳ್ಳದೆ ಇರುವುದರಿಂದ. ಎಲೆ ಜಾಗ ತಿನ್ನುತ್ತದೆ, ತೂಕ ಬರುವುದಿಲ್ಲ. ಎಲೆ ಉದುರುವ ಜನವರಿಯಿಂದ ಮಾರ್ಚ್‌ವರೆಗೆ ವಾರ್ಡಿಗೊಂದು ಬೇರೆ ಟ್ರಿಪ್ ಗೊತ್ತುಮಾಡಿ, ಪಾರ್ಕಿನ ಮೂಲೆಯಲ್ಲಿ ಜಾಲರಿ ತೊಟ್ಟಿ ಇಟ್ಟು ಗೊಬ್ಬರ ಮಾಡಿ. ಅದಾದ ಮೇಲೂ ಸುಟ್ಟರೆ ದಂಡದ ಮಾತು.

ಕೊನೆಗೆ ಮಂಡಕ್ಕಿ ಭಟ್ಟಿ. ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ನಾಡಿಗೆಲ್ಲ ಗೊತ್ತು. ಅಕ್ಕಿಗೆ ಉಪ್ಪುನೀರು ಸೇರಿಸಿ, ಕಾದ ಮರಳಿನಲ್ಲಿ ಹುರಿದಾಗ ಅದು ಅರಳುತ್ತದೆ. ಮರಳು ಸದಾ ಒಂದೇ ಕಾವಿನಲ್ಲಿರಬೇಕು. ಕಾವು ಇಳಿದರೆ ಮಂಡಕ್ಕಿ ಗಟ್ಟಿ, ಏರಿದರೆ ಕಪ್ಪು. ಇದಕ್ಕಾಗಿ ಹಳೆ ಟೈರ್ ಸುಡುವ ಚಾಳಿ ಬಂತು: ಒಂದು ಕಿಲೋ ಟೈರಿನ ಶಾಖ ಒಂದು ಕಿಲೋ ಭತ್ತದ ಹೊಟ್ಟಿನ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಬರುವುದು ಕರಿ ಮಸಿ, ಗಂಧಕ, ಸತು. ಅದನ್ನು ಮೊದಲು ಉಸಿರಾಡುವವರು ಭಟ್ಟಿಯ ಮುಂದೆ ಕೂತು ಹುರಿಯುವವರೇ. ಬೆಂಕಿ ಆರಿದ ಮೇಲೆ ಹೋದರೂ ಸಾಕ್ಷಿ ಸಿಗುತ್ತದೆ. ಹೊಟ್ಟಿನ ಬೂದಿ ಬಿಳಿಬೂದು ಬಣ್ಣದ್ದು, ಹಗುರ. ಟೈರ್ ಸುಟ್ಟ ಬೂದಿಯಲ್ಲಿ ಕಡ್ಡಿ ಆಡಿಸಿದರೆ ಉಕ್ಕಿನ ತಂತಿ ಸಿಕ್ಕಿಕೊಳ್ಳುತ್ತದೆ, ತಂತಿ ಸುಡುವುದಿಲ್ಲ. ಆರೋಗ್ಯ ನಿರೀಕ್ಷಕರು ಚಿಮಣಿ ನೋಡಿ ಬರುವ ಬದಲು ಬೂದಿ ಗುಂಡಿ ನೋಡಿ ಬರಬೇಕು.

ಬೀಗ ಹಾಕಿದರೆ ಭಟ್ಟಿ ಇನ್ನೊಂದು ಗಲ್ಲಿಗೆ ಹೋಗುತ್ತದೆ, ದುಡಿಯುವ ಮನೆಗಳು ಬೀದಿಗೆ ಬೀಳುತ್ತವೆ. ದಾರಿ ಇರುವುದು ಹೊಟ್ಟಿನ ಒಲೆಯಲ್ಲಿ. ಭದ್ರಾ ಅಚ್ಚುಕಟ್ಟಿನ ಊರಿಗೆ ಹೊಟ್ಟಿಗೆ ಬರವಿಲ್ಲ. ಹೊಟ್ಟನ್ನು ಒಮ್ಮೆಗೇ ಸುರಿದರೆ ಉಸಿರುಗಟ್ಟಿ ಹೊಗೆಯಾಡುತ್ತದೆ, ಮೇಲಿನಿಂದ ಸಣ್ಣಗೆ ಸದಾ ಬೀಳುವಂತೆ ಮಾಡಿ ಕೆಳಗಿನಿಂದ ಬ್ಲೋವರ್ ಗಾಳಿ ಕೊಟ್ಟರೆ ಕಾವು ಸಮನಾಗಿರುತ್ತದೆ. ಅಂಥ ಒಲೆಗೆ ಸಾಲ ಕೊಡಿಸಿ, ಉದ್ದಿಮೆ ಪರವಾನಗಿ ನವೀಕರಣಕ್ಕೆ ಅದನ್ನೇ ಷರತ್ತು ಮಾಡಿ. ಬೂದಿಯನ್ನು ಮರೆಯಬೇಡಿ: 100 ಕಿಲೋ ಹೊಟ್ಟಿಗೆ ಸುಮಾರು 20 ಕಿಲೋ ಬೂದಿ, ಬಹುಪಾಲು ಸಿಲಿಕಾ. ರಸ್ತೆ ಬದಿಗೆ ಸುರಿದರೆ ಹೊಗೆ ನಿಲ್ಲಿಸಿ ಧೂಳು ಎಬ್ಬಿಸಿದಂತಾಯಿತು. ನೀರು ಚಿಮುಕಿಸಿ, ಚೀಲ ಕಟ್ಟಿ, ಇಟ್ಟಿಗೆ ಗೂಡಿಗೆ ಕಳಿಸಬೇಕು.

ಇದನ್ನೆಲ್ಲ ಹಿಡಿದಿಡಲು ಪಾಲಿಕೆಯ ಪರಿಸರ ಎಂಜಿನಿಯರ್ ಮೇಜಿನ ಮೇಲೆ ಒಂದು ರಿಜಿಸ್ಟರ್ ಬೇಕು. ದಿನಾಂಕ, ಗಂಟೆ, ಪಿಎಂ 10, ಪಿಎಂ 2.5, ಅನುಪಾತ, ಗಾಳಿಯ ದಿಕ್ಕು, ಅನುಮಾನ ಬಂದ ಜಾಗ, ಹೋದವರ ಹೆಸರು, ಕಂಡದ್ದು, ಮಾಡಿದ್ದು. ಬೆಳಿಗ್ಗೆ ಹತ್ತು ನಿಮಿಷ ಸಾಕು. ದೀಪಾವಳಿಗೆ ಏಳು ದಿನ ಮುಂಚೆ, ಏಳು ದಿನ ಆಮೇಲೆ ದಿನಕ್ಕೆ ಎರಡು ಸಲ ತುಂಬಿಸಿ. ಕೊನೆಯ ಕಾಲಂ ಒಂದಿದೆ: ಕೆಲಸ ಮಾಡಿದ ಮರುದಿನ ಅದೇ ಗಂಟೆಯ ಅಂಕಿ. ಆ ಕಾಲಂ ಖಾಲಿ ಇರುವ ಪುಟಕ್ಕೆ ಆಯುಕ್ತರು ಸಹಿ ಹಾಕಬಾರದು.